ಡಿಸ್ಕಿಗೆ ಬರೆಯಲಾಗದೆ ಸರ್ವರ್ ನಿಂತಾಗ: ಅಧ್ಯಯನ ಟಿಪ್ಪಣಿ

ಡೇಟಾಬೇಸ್ ನಿಂತುಹೋದ ಲಿನಕ್ಸ್ ಸರ್ವರ್ ಎದುರಿಗಿದ್ದರೆ ಕೈ ಮೊದಲು ರೀಬೂಟ್ ಕಡೆಗೇ ಹೋಗುತ್ತದೆ. ತಡೆದುಕೊಳ್ಳಿ. ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನ ಸಂದೇಶಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ರೀಬೂಟ್ ಆದರೆ ಅವು ಹೋಗುತ್ತವೆ. ಡಿಸ್ಕೇ ಕೈಕೊಟ್ಟಿರುವಾಗ ಅವು ಲಾಗ್ ಫೈಲಿಗೆ ಇಳಿದಿವೆ ಎಂಬ ಖಾತರಿ ಏನು? ಆ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಆಜ್ಞೆ ಹೇಳುವುದನ್ನೆಲ್ಲ ಮೊದಲು ಬೇರೊಂದು ಯಂತ್ರಕ್ಕೆ ನಕಲಿಸಿಕೊಳ್ಳಿ.

ಆಮೇಲೆ ಬರೆಯಲು ಸೋತಾಗ ಲಿನಕ್ಸ್ ಕೊಡುವ ದೋಷದ ಸಂಖ್ಯೆ ನೋಡಿ. 28 ಎಂದರೆ ಜಾಗವಿಲ್ಲ. ಇದು ಸುಲಭವಾಗಿ ಕಂಡರೂ ದಾರಿ ತಪ್ಪಿಸುತ್ತದೆ. ಉಳಿದ ಜಾಗ ತೋರಿಸುವ ಡಿಎಫ್ (df) ಆಜ್ಞೆ ಜಾಗ ಇದೆ ಎನ್ನುತ್ತಿದ್ದರೂ ಪುಟ್ಟ ಪುಟ್ಟ ಫೈಲುಗಳು ತುಂಬಿ ಐನೋಡ್‌ಗಳು (ಪ್ರತಿ ಫೈಲಿಗೂ ಬೇಕಾಗುವ ದಾಖಲೆಗಳು) ಮುಗಿದಿರಬಹುದು. ಅದೇ ಆಜ್ಞೆಗೆ ಐ (-i) ಆಯ್ಕೆ ಕೊಟ್ಟರೆ ಗೊತ್ತಾಗುತ್ತದೆ. ಫೈಲುಗಳ ಗಾತ್ರ ಕೂಡಿಸುವ ಡಿಯು (du) ಆಜ್ಞೆಯ ಲೆಕ್ಕಕ್ಕೂ ಡಿಎಫ್ ಲೆಕ್ಕಕ್ಕೂ ತಾಳೆಯಾಗದಿದ್ದರೆ, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿರಬಹುದು. ತೆರೆದ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಓಎಫ್ (lsof) ಅದನ್ನು ಹಿಡಿದುಕೊಡುತ್ತದೆ. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಸಾಮಾನ್ಯವಾಗಿ ಶೇ. 5ರಷ್ಟು ಜಾಗವನ್ನು ರೂಟ್‌ಗೆ, ಅಂದರೆ ಪೂರ್ಣ ಅಧಿಕಾರವಿರುವ ಬಳಕೆದಾರನಿಗೆ, ಮೀಸಲಿಡುತ್ತದೆ. ಹಾಗಾಗಿ ರೂಟ್ ಆಗಿ ಪರೀಕ್ಷಿಸಿ 'ಬರೆಯಲು ಆಗುತ್ತಿದೆಯಲ್ಲ' ಎಂದು ನಿರಾಳವಾಗಬೇಡಿ.

30 ಎಂದರೆ ಫೈಲ್ ಸಿಸ್ಟಮ್ ಓದಲು ಮಾತ್ರ. ಬಹಳ ಸಲ ಇದು ಪರಿಣಾಮವೇ ಹೊರತು ಕಾರಣವಲ್ಲ: ಒಳಗೆ ಏನೋ ಕೆಟ್ಟದ್ದನ್ನು ಕಂಡು ಕರ್ನಲ್ ತಾನಾಗಿಯೇ ಬಾಗಿಲು ಹಾಕಿರುತ್ತದೆ. ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ (fsck) ನಡೆಸುವುದು ಅನ್‌ಮೌಂಟ್ ಮಾಡಿದ (ಬಳಕೆಯಿಂದ ಬಿಡಿಸಿದ) ಮೇಲೆ ಮಾತ್ರ.

5 ಎಂದರೆ ಐಓ ದೋಷ, ಅಂದರೆ ಡಿಸ್ಕಿನೊಡನೆ ಓದು-ಬರಹವೇ ವಿಫಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197 ಸಂಖ್ಯೆಯ ಸಾಲುಗಳು (ಕೆಟ್ಟ ಹಾಗೂ ಕೆಟ್ಟಿರುವ ಅನುಮಾನವಿರುವ ಸೆಕ್ಟರ್‌ಗಳ ಎಣಿಕೆ) ಏರುತ್ತಿದ್ದರೆ ಬ್ಯಾಕಪ್ ತೆಗೆದು ಡಿಸ್ಕ್ ಬದಲಿಸಿ. 199 (ಮಾಹಿತಿ ಸಾಗಣೆಯ ದೋಷಗಳ ಎಣಿಕೆ) ಮಾತ್ರ ಏರುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ.

ಕಷ್ಟದ ಭಾಗ ಮುಂದಿದೆ. ಪ್ರೋಗ್ರಾಂ ರೈಟ್ ಎಂದಾಗ ಮಾಹಿತಿ ಸೇರುವುದು ಮೆಮೊರಿಯಲ್ಲಿರುವ ಪೇಜ್ ಕ್ಯಾಶ್‌ಗೆ. ಡಿಸ್ಕಿಗೆ ಇಳಿಯುವುದು ಆಮೇಲೆ. ಇಳಿಯಿತೇ ಎಂದು ಖಚಿತಪಡಿಸಿಕೊಳ್ಳಲು ಎಫ್‌ಸಿಂಕ್ ಕರೆಯಬೇಕು. ಅದು ವಿಫಲವಾದರೆ ಮತ್ತೊಮ್ಮೆ ಕರೆದರಾಯಿತು ಎಂದು ಅನ್ನಿಸುವುದು ಸಹಜ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕೂಡ ಹಾಗೆಯೇ ನಂಬಿತ್ತು. ಆದರೆ ಬರೆಯಲು ಸೋತ ಪುಟವನ್ನೂ (ಪೇಜ್ ಕ್ಯಾಶ್‌ನ ತುಣುಕನ್ನೂ) ಲಿನಕ್ಸ್ 'ಬರೆದಾಯಿತು' ಎಂದು ಗುರುತಿಟ್ಟುಬಿಡುತ್ತದೆ. ಎರಡನೇ ಎಫ್‌ಸಿಂಕ್ ಯಶಸ್ವಿ ಎನ್ನುತ್ತದೆ, ಮಾಹಿತಿ ಮಾತ್ರ ಡಿಸ್ಕಿನಲ್ಲಿ ಇರುವುದಿಲ್ಲ. 2018ರಲ್ಲಿ ಈ ಸಂಗತಿ ಪೋಸ್ಟ್‌ಗ್ರೆಸ್ ಅಭಿವೃದ್ಧಿಕಾರರ ಚರ್ಚೆಗೆ ಬಂದು ದೊಡ್ಡ ಗದ್ದಲವೇ ಆಯಿತು. 2019ರ ಬಿಡುಗಡೆಗಳಿಂದ ಎಫ್‌ಸಿಂಕ್ ಸೋತರೆ ಪೋಸ್ಟ್‌ಗ್ರೆಸ್ ಬೇಕೆಂದೇ ಕುಸಿಯುತ್ತದೆ, ಮತ್ತೆ ಎದ್ದು ಬದಲಾವಣೆಗಳನ್ನು ಮುಂಚಿತವಾಗಿ ಬರೆದಿಡುವ ತನ್ನ ವಾಲ್ (WAL) ದಾಖಲೆಯಿಂದ ಎಲ್ಲವನ್ನೂ ಪುನಃ ಬರೆಯುತ್ತದೆ.

ಆದ್ದರಿಂದ ಲಾಗ್‌ನಲ್ಲಿ ಎಫ್‌ಸಿಂಕ್ ಹೆಸರಿನೊಡನೆ ಪ್ಯಾನಿಕ್ (ಬೇಕೆಂದೇ ಕುಸಿದ ಗುರುತು) ಎಂದು ಕಂಡರೆ ಡೇಟಾಬೇಸನ್ನು ಬೈಯದೆ ಡಿಸ್ಕನ್ನು ನೋಡಿ. ಕುಸಿತ ತಪ್ಪಿಸಲೆಂದು ಡೇಟಾ ಸಿಂಕ್ ರಿಟ್ರೈ (data_sync_retry) ಎಂಬ ಪೋಸ್ಟ್‌ಗ್ರೆಸ್ ಆಯ್ಕೆಯನ್ನು ಲಿನಕ್ಸ್‌ನಲ್ಲಿ ಆನ್ ಮಾಡಲೇಬೇಡಿ.