ಮೊರ ತುಂಬ ಪ್ರೀತಿ

ಮೆಕ್ಕೆಜೋಳ ಒಕ್ಕುವ ಕಾಲ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ದಾವಣಗೆರೆ ಸುತ್ತಮುತ್ತ ಯಾವ ಹಳ್ಳಿಗೆ ಹೋದರೂ ಅರ್ಧ ರಸ್ತೆ ಹಳದಿ. ಮನೆ ಮುಂದೆ ರಾಶಿ, ಅದರ ಮೇಲೆ ತಾಡಪಾಲು. ರಾತ್ರಿ ಹಗ್ಗ ಬಿಚ್ಚಿಕೊಂಡ ಮೇಕೆಗೆ ತಾಡಪಾಲಿನೊಳಗೆ ಮೂತಿ ತೂರಿಸೋದು ಎಷ್ಟು ಹೊತ್ತಿನ ಕೆಲಸ?

ಹೋದ ವರ್ಷ ಇಂಥದೇ ಒಂದು ಬೆಳಗ್ಗೆ ಆನಗೋಡು ಕಡೆಯ ತೋಟದ ಮನೆಯಿಂದ ಫೋನ್ ಬಂತು. "ಡಾಕ್ಟ್ರೇ, ನಮ್ಮ ಗೌರಿ ಮೇಲಕ್ಕೆ ಏಳವಲ್ದು. ಮೆಲುಕೂ ಹಾಕವಲ್ದು." ಆ ಮನೆಯಲ್ಲಿ ಇರೋದು ಎರಡೇ ಮೇಕೆ, ಗೌರಿ ಮತ್ತು ಅದರ ಮಗ. ಹಾಲಿಗೂ ಅಲ್ಲ, ಮಾರೋದಕ್ಕೂ ಅಲ್ಲ. ಮೊಮ್ಮಕ್ಕಳಿಗೆ ಅಂತ ತಂದದ್ದು. ಮೊಮ್ಮಕ್ಕಳು ಬೆಂಗಳೂರು ಸೇರಿದ ಮೇಲೆ ಎರಡೂ ಅಜ್ಜಿಯ ಸೆರಗು ಹಿಡಿದಿವೆ.

ಹೋಗಿ ನೋಡಿದರೆ ಗೌರಿ ಹಲ್ಲು ಕಡಿಯುತ್ತಿತ್ತು. ಎಡಪಕ್ಕೆಗೆ ಮುಷ್ಟಿ ಒತ್ತಿದೆ. ಕಲಸಿಟ್ಟ ರೊಟ್ಟಿ ಹಿಟ್ಟಿಗೆ ಒತ್ತಿದ ಹಾಗೆ ಗುಳಿ ಬಿತ್ತು, ಹಾಗೇ ಉಳಿಯಿತು. ಹಿಕ್ಕೆ ಇಲ್ಲ, ಬಾಲಕ್ಕೆಲ್ಲ ಹುಳಿ ವಾಸನೆಯ ತೆಳ್ಳನೆ ಭೇದಿ, ಅದರಲ್ಲಿ ಇಡೀ ಇಡೀ ಕಾಳು.

"ರಾಶಿಗೆ ಬಾಯಿ ಹಾಕಿತ್ತಾ ಅಮ್ಮ?"

"ಇಲ್ಲಪ್ಪ, ನಾನೇ ಒಂದು ಮೊರ ಹಾಕಿದ್ದೆ. ಸೊರಗಿದಂಗೆ ಕಾಣ್ತಿತ್ತು, ಪಾಪ."

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಅಲ್ವಾ? ಗಾದೆ ಸೊಪ್ಪಿನ ಮಾತಾಡುತ್ತದೆ. ಕಾಳಿನ ಬಗ್ಗೆ, ಅನ್ನದ ಬಗ್ಗೆ ಅದು ತುಟಿ ಬಿಚ್ಚಿಲ್ಲ. (ಸೊಪ್ಪಿನಲ್ಲೂ ಆಡುಸೋಗೆಯನ್ನು ಬಿಡುತ್ತದೆ ಅನ್ನೋದು ಬೇರೆ ಮಾತು.)

ಮೇಕೆಯ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೆಯದೇ ದೊಡ್ಡದು, ಎಡಗಡೆ ಇರೋದು. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಸೊಪ್ಪಿನ ನಾರನ್ನು ನಿಧಾನವಾಗಿ ಕೊಳೆಸಿ ಮೇಕೆಗೆ ಆಹಾರ ಮಾಡಿಕೊಡುತ್ತವೆ. ಅಭ್ಯಾಸ ಇಲ್ಲದ ಮೇಕೆಗೆ ಒಂದೇ ಸಲ ಕಾಳು ಜಾಸ್ತಿ ಬಿದ್ದರೆ ಪಿಷ್ಟ ತಿನ್ನುವ ಜೀವಿಗಳು ರಾತ್ರೋರಾತ್ರಿ ಹೆಚ್ಚಿಬಿಡುತ್ತವೆ. ದೋಸೆ ಹಿಟ್ಟು ಹುಳಿ ಬಂದು ಪಾತ್ರೆಯಿಂದ ಉಕ್ಕೋದಿಲ್ವಾ, ಹಾಗೆ. 6ರಿಂದ 7ರ ನಡುವೆ ಇರಬೇಕಾದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5ರ ಹತ್ತಿರಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ನಾರು ಕೊಳೆಸುವ ಜೀವಿಗಳು ಸಾಯುತ್ತವೆ, ಹೊಟ್ಟೆಯ ಅಲುಗಾಟ ನಿಲ್ಲುತ್ತದೆ. ಆ ಹುಳಿ ರಕ್ತದಲ್ಲಿರೋ ನೀರನ್ನೂ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ಕುಲುಕುತ್ತಿರುತ್ತದೆ, ಮೈ ಮಾತ್ರ ಒಣಗಿ ಕಣ್ಣು ಒಳಕ್ಕೆ ಹೋಗಿರುತ್ತದೆ. ಜೋರಾಗಿ ಹಿಡಿದರೆ ಒಂದೆರಡು ದಿನ, ಅಷ್ಟೇ.

ಇಡೀ ಕಾಳಿಗಿಂತ ಹಿಟ್ಟು, ನುಚ್ಚು ಇನ್ನೂ ಬೇಗ ಹುಳಿಯುತ್ತವೆ. ಮದುವೆ ಮನೆಯಲ್ಲಿ ಉಳಿದ ಅನ್ನವೂ ಇದೇ ಸಾಲಿಗೆ ಸೇರುತ್ತದೆ.

ಸುಮಾರು ಜನ ಇದನ್ನು ಹೊಟ್ಟೆ ಉಬ್ಬರ ಅಂದುಕೊಂಡು ಎಣ್ಣೆ ಕುಡಿಸುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಮಾಡಿದ್ದೆ. ಬೆಳಗಾಗುವಷ್ಟರಲ್ಲಿ ಮೇಕೆ ಇರಲಿಲ್ಲ. ಉಬ್ಬರದಲ್ಲಿ ಎಡಪಕ್ಕೆ ತಟ್ಟಿದರೆ ತಮಟೆ ಥರ ಶಬ್ದ ಬರುತ್ತದೆ. ಇದರಲ್ಲಿ ಹಿಟ್ಟಿನ ಮುದ್ದೆ ಮುಟ್ಟಿದ ಹಾಗಿರುತ್ತದೆ.

ಕಾಳು ತಿಂದದ್ದು ಕಣ್ಣಿಗೆ ಬಿದ್ದ ತಕ್ಷಣ ಉಳಿದ ಕಾಳು ಎತ್ತಿಡಿ, ಒಣ ಹುಲ್ಲು ಹಾಕಿ. 20 ಕೆಜಿ ತೂಕದ ಮೇಕೆಗೆ 20 ಗ್ರಾಂ ಅಡುಗೆ ಸೋಡಾ, ಅಂದರೆ ಸುಮಾರು ನಾಲ್ಕು ಟೀ ಚಮಚ, ಅರ್ಧ ಲೀಟರ್ ನೀರಲ್ಲಿ ಕದಡಿ ಕುಡಿಸಿ. ಅಡುಗೆ ಸೋಡಾ ಅಂದೆ, ಬಟ್ಟೆ ಸೋಡಾ ಅಲ್ಲ! ಗೊಟ್ಟದಲ್ಲಿ, ಅಂದರೆ ಔಷಧಿ ಕುಡಿಸುವ ಕೊಳವೆಯಲ್ಲಿ, ಕುಡಿಸುವಾಗ ಕತ್ತು ಆಕಾಶಕ್ಕೆ ಎತ್ತಬೇಡಿ, ನಾಲಿಗೆ ಎಳೆಯಬೇಡಿ. ನೀರು ಶ್ವಾಸಕೋಶಕ್ಕೆ ಇಳಿದರೆ ಕಾಳಿಗಿಂತ ಮೊದಲು ಅದೇ ಕೊಲ್ಲುತ್ತದೆ. ನೆಲ ಹಿಡಿದು ಮಲಗಿದ ಮೇಕೆಗೆ ಬಾಯಿಂದ ಏನೂ ಬೇಡ, ಡಾಕ್ಟರನ್ನೇ ಕರೆಸಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಸಿಗುತ್ತದೆ. ಬೆಲ್ಲದ ನೀರು, ಮಜ್ಜಿಗೆ ಯಾವುದೂ ಬೇಡ. ಹುಳಿಗೆ ಹುಳಿ ಸೇರಿಸಿದ ಹಾಗೆ.

ಗೌರಿಗೆ ರಕ್ತನಾಳಕ್ಕೆ ಸೋಡಾ, ಸಲೈನ್, ವಿಟಮಿನ್ ಬಿ1 ಇಂಜೆಕ್ಷನ್ ಎಲ್ಲ ಕೊಟ್ಟೆ. ಮೂರನೇ ದಿನ ಒಂದು ಎಳೆ ಅಗಸೆ ಸೊಪ್ಪನ್ನು ತುಟಿಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಯೋಚನೆ ಮಾಡಿ, ಅಗಿಯಿತು. ಮೂರು ವಾರಕ್ಕೆ ಕುಂಟತೊಡಗಿತು. ಹೊಟ್ಟೆಯ ಹುಳಿ ಗೊರಸಿನ ಒಳಪದರವನ್ನೂ ಊದಿಸುತ್ತದೆ, ಇದು ಜನಕ್ಕೆ ಹೊಳೆಯೋದೇ ಇಲ್ಲ. ಅಂದ ಹಾಗೆ ಗೊರಸಿಗೆ ನೆಲವೂ ಮುಖ್ಯ. ಚಿತ್ರದುರ್ಗ, ಮೊಳಕಾಲ್ಮೂರು ಕಡೆ ಬಂಡೆ ಮೇಲೆ ಓಡಾಡೋ ಮೇಕೆಗೆ ಗೊರಸು ತಾನೇ ಸವೆಯುತ್ತದೆ. ಎರೆ ಹೊಲದಲ್ಲಿ ಕಟ್ಟಿ ಸಾಕಿದರೆ ಎರಡು ತಿಂಗಳಿಗೊಮ್ಮೆಯಾದರೂ ಕತ್ತರಿಸಬೇಕು.

ಮಗನದು ಬೇರೆ ಕಥೆ. ಬೀಜ ಒಡೆಸಿದ ಹೋತ ಅದು. ಕಾಳಿನಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದ ಅಂಶ ಕಮ್ಮಿ. ದಿನಾ ಕಾಳು ತಿಂದರೆ ಇಂಥವಕ್ಕೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಬೆನ್ನು ಬಾಗಿಸಿ ಮುಕ್ಕರಿಯುತ್ತಿದ್ದರೆ ಮಲಬದ್ಧತೆ ಅಂತ ಸುಮ್ಮನಿರಬೇಡಿ. ಹೊಟ್ಟೆ ಕೆಳಗಿನ ಕೂದಲು ಒದ್ದೆಯಾಗಿದೆಯಾ, ಮೂತ್ರ ತೊಟ್ಟಿಕ್ಕುತ್ತಿದೆಯಾ ನೋಡಿ.

ಹಾಲು ಕೊಡದ, ಗಬ್ಬ ಇಲ್ಲದ ಸಾಕು ಮೇಕೆಗೆ ಕಾಳು ಬೇಕೇ ಇಲ್ಲ. 25–30 ಕೆಜಿ ಮೇಕೆಗೆ ದಿನಕ್ಕೆ ಮೂರು ನಾಲ್ಕು ಕೆಜಿ ಹಸಿ ಸೊಪ್ಪು, ಜೊತೆಗೆ ಒಂದಿಷ್ಟು ಶೇಂಗಾ ಹೊಟ್ಟೋ ತೊಗರಿ ಹೊಟ್ಟೋ ಇದ್ದರೆ ಸಾಕು. ಸೊಪ್ಪನ್ನು ಕಟ್ಟಿ ಅದರ ತಲೆ ಎತ್ತರಕ್ಕೆ ತೂಗುಹಾಕಿ. ನೆಲಕ್ಕೆ ಬಿದ್ದದ್ದನ್ನು ಮೂಸಿ ಬಿಡುತ್ತದೆ, ತಿಂದರೂ ಜಂತು ಸೇರುತ್ತದೆ.

ಯುಗಾದಿ ದಿನ ಅದೇ ಅಮ್ಮನ ಫೋನ್. ಗೌರಿಗೆ ಹೋಳಿಗೆ ಕೊಡಬಹುದಾ ಅಂತ. ಅಂಗೈಯಗಲ ತುಂಡು ಕೊಡಿ ಅಂದೆ. "ಯಾರ ಅಂಗೈ ಡಾಕ್ಟ್ರೇ?" ಅಂದರು.