ರಸ್ತೆ ಹೊಂಡಕ್ಕೆ ಬಿದ್ದು ಕೈ ಮುರಿದರೆ ಪರಿಹಾರ ಸಿಗುತ್ತದಾ?

ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬಂತು. ಈ ಸಲ ಶಿರಸಿಯ ಓದುಗರೊಬ್ಬರದು: "ತಮ್ಮನ ಬೈಕು ಹೊಂಡಕ್ಕೆ ಇಳಿದು ಕೈ ಮುರಿಯಿತು. ಸರ್ಕಾರದ ಮೇಲೆ ಕೇಸ್ ಹಾಕೋಕೆ ಆಗಲ್ಲ ಅಂತಾರೆ, ಹೌದಾ?"

ಅಲ್ಲ. ಈ ಮಾತನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಸರ್ಕಾರದ ಮೇಲೆ ದಾವೆ ಹೂಡಬಹುದು ಎಂದು ಸಂವಿಧಾನದ 300ನೇ ವಿಧಿಯೇ ಹೇಳುತ್ತದೆ. ಉದಯಪುರದಲ್ಲಿ ಕಲೆಕ್ಟರ್ ಜೀಪು ಗುದ್ದಿ ದಾರಿಹೋಕರೊಬ್ಬರು ತೀರಿಕೊಂಡಾಗ, ಪರಿಹಾರ ರಾಜಸ್ಥಾನ ಸರ್ಕಾರವೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿತು. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಪಾಲಿಕೆಯೇ ಹೊಣೆ ಎಂದು 1966ರಲ್ಲಿ ತೀರ್ಪು ಬಂತು. ನಮ್ಮ ಹೈಕೋರ್ಟ್ 2019ರಲ್ಲಿ ಇನ್ನೂ ನೇರವಾಗಿ ಹೇಳಿದೆ: ಓಡಾಡಲು ಯೋಗ್ಯವಾದ ರಸ್ತೆ ಜನರ ಬದುಕುವ ಹಕ್ಕಿನ ಭಾಗ, ಹೊಂಡದಿಂದ ಪೆಟ್ಟಾದವರು ಪರಿಹಾರ ಕೇಳಬಹುದು. ಅದು ಬೆಂಗಳೂರಿನ ರಸ್ತೆಗಳ ಪ್ರಕರಣ, ನಿಜ. ಆದರೆ ಬದುಕುವ ಹಕ್ಕು ಘಟ್ಟದ ಮೇಲೂ ಒಂದೇ, ಕೆಳಗೂ ಒಂದೇ ಅಲ್ವಾ?

ಸರ್ಕಾರದ ಮೇಲೆ ಸಿವಿಲ್ ದಾವೆ ಹಾಕುವ ಮೊದಲು 2 ತಿಂಗಳ ನೋಟಿಸ್ ಕೊಡಬೇಕು. ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಕೇಸೇ ಹಾಕುವಂತಿಲ್ಲ ಅಂದಿದ್ದರೆ ನೋಟಿಸ್ ಯಾಕೆ ಬೇಕಿತ್ತು, ಹೇಳಿ?

ಹಾಗಂತ ಬಿದ್ದವರಿಗೆಲ್ಲ ದುಡ್ಡು ಸಿಗುವುದಿಲ್ಲ. ನಿರ್ಲಕ್ಷ್ಯ ಇತ್ತು ಅಂತ ತೋರಿಸಬೇಕು. ನಮ್ಮ ಕಡೆ ಹೊಂಡ ಬಿದ್ದರೆ ಯಾರಾದರೂ ಒಂದು ಹಸಿ ಟೊಂಗೆ ನೆಡುತ್ತಾರಲ್ಲ, ಅದರ ಎಲೆ ಒಣಗಿ ಕಂದಾಗಿದ್ದರೆ ಹೊಂಡ ನಿನ್ನೆ ಮೊನ್ನೆಯದಲ್ಲ. ಆ ಟೊಂಗೆ ಸಮೇತ ಫೋಟೋ ತೆಗೆಯಿರಿ. ತಡ ಮಾಡಿದರೆ ಯಾರೋ ಬಂದು ಚಿರೆಕಲ್ಲಿನ ಚೂರು ಸುರಿದು ಹೋಗಿರುತ್ತಾರೆ. ಆಸ್ಪತ್ರೆಯಲ್ಲಿ ಸುಮ್ನೆ "ಸ್ಕಿಡ್ ಆಯ್ತು" ಅನ್ನಬೇಡಿ, ಎಲ್ಲಿ, ಯಾವ ಹೊಂಡ ಅಂತ ಬರೆಸಿ. ರಸ್ತೆ ಯಾರದು ಎಂದೂ ಕೇಳಿಕೊಳ್ಳಿ. ಊರೊಳಗಿನ ಬೀದಿ ನಗರಸಭೆಯದು. ಕುಮಟಾ-ಶಿರಸಿ ರಸ್ತೆ ರಾಷ್ಟ್ರೀಯ ಹೆದ್ದಾರಿ, ಅದಕ್ಕೆ ನಗರಸಭೆಗೆ ಅಲೆದು ಉಪಯೋಗವಿಲ್ಲ.

ಇವರು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಹೊಂಡದಷ್ಟೇ ಹೆದರಿಕೆ ರಸ್ತೆ ಬದಿಯ ಮರಗಳದ್ದು. ದೆಹಲಿಯಲ್ಲಿ ಸ್ಕೂಟರ್ ಸವಾರನ ತಲೆ ಮೇಲೆ ಟೊಂಗೆ ಮುರಿದು ಬಿದ್ದು ಪ್ರಾಣ ಹೋದಾಗ, 1999ರಲ್ಲಿ ಸುಪ್ರೀಂ ಕೋರ್ಟ್ ಅಲ್ಲೂ ಪಾಲಿಕೆಯನ್ನೇ ಹೊಣೆ ಮಾಡಿತು. ನಿಮ್ಮ ದಾರಿಯಲ್ಲಿ ಒಣಗಿದ ಮರ ಇದ್ದರೆ ಇವತ್ತೇ ಲಿಖಿತ ದೂರು ಕೊಡಿ, ಸ್ವೀಕೃತಿ ಮುದ್ರೆ ಬಿದ್ದ ಪ್ರತಿಯನ್ನು ಇಟ್ಟುಕೊಳ್ಳಿ. ಆಮೇಲೆ ಅವರು "ಗೊತ್ತೇ ಇರಲಿಲ್ಲ" ಅನ್ನುವಂತಿಲ್ಲ.