ಸಕ್ಕರೆ ಕಾಯಿಲೆಯ ಬೆಕ್ಕು, ಮಾಯದ ಗಾಯ

ಜಗಳದಲ್ಲಿ ಇನ್ನೊಂದು ಬೆಕ್ಕು ಕಚ್ಚಿದ ಗಾಯ ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ಆದರೆ ಕೋರೆಹಲ್ಲು ಬಾಯಿಯ ಬ್ಯಾಕ್ಟೀರಿಯಾಗಳನ್ನು ಆಳಕ್ಕೆ ಇಳಿಸಿರುತ್ತದೆ. ಮೇಲಿನ ಸಣ್ಣ ತೂತು ಬೇಗ ಮುಚ್ಚಿಕೊಂಡು ಒಳಗೆ ಕೀವು ಕಟ್ಟುತ್ತದೆ. ಮೊದಲೇ ಬೆಕ್ಕಿನ ಚರ್ಮ ನಾಯಿಯದಕ್ಕಿಂತ ನಿಧಾನವಾಗಿ ಮಾಯುವಂಥದ್ದು. ಹೊಲಿಗೆ ಹಾಕಿ ಏಳು ದಿನವಾದಾಗ ನಾಯಿಯ ಗಾಯಕ್ಕೆ ಬರುವ ಬಲದ ಸುಮಾರು ಅರ್ಧದಷ್ಟು ಮಾತ್ರ ಬೆಕ್ಕಿನ ಗಾಯಕ್ಕೆ ಬಂದಿರುತ್ತದೆ.

ಇದರ ಮೇಲೆ ಸಕ್ಕರೆ ಕಾಯಿಲೆಯೂ ಇದ್ದರೆ? ಬೆಕ್ಕುಗಳಿಗೆ ಬರುವುದು ಹೆಚ್ಚಾಗಿ ನಮ್ಮ ಟೈಪ್ 2 ಮಧುಮೇಹವನ್ನೇ ಹೋಲುವ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನ ಜಾಗಕ್ಕೆ ಓಡಬೇಕಾದ ಬಿಳಿ ರಕ್ತಕಣಗಳು ಮಂದವಾಗುತ್ತವೆ, ಹೊಸ ಅಂಗಾಂಶ ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಇತ್ತ ಸೋಂಕು ಕೂಡ ಸುಮ್ಮನಿರುವುದಿಲ್ಲ. ಅದು ಎಬ್ಬಿಸುವ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬಂದು ಸಕ್ಕರೆಯನ್ನು ಇನ್ನಷ್ಟು ಏರಿಸುತ್ತವೆ. ಹಾಗಾಗಿ ಮುಲಾಮು ಹಚ್ಚಿ ಕಾಯುತ್ತಾ ಕೂತರೆ ಸಾಲದು. ಕೀವು ತೆಗೆಸಿ, ಆ್ಯಂಟಿಬಯೋಟಿಕ್ ಕೊಡಿಸಿ, ಇನ್ಸುಲಿನ್ ಪ್ರಮಾಣವನ್ನೂ ಅದೇ ವೇಳೆಗೆ ಸರಿಪಡಿಸಿಕೊಳ್ಳಬೇಕು.

ನನ್ನ ಮಟ್ಟಿಗೆ ಅತಿ ಎಚ್ಚರ ಬೇಕಾಗುವುದು ಗಾಯ ಮಾಯತೊಡಗಿದ ಮೇಲೆ. ಸೋಂಕು ಇಳಿದಂತೆ ದೇಹ ಇನ್ಸುಲಿನ್‌ಗೆ ಮತ್ತೆ ಸ್ಪಂದಿಸುತ್ತದೆ. ಹೋದ ವಾರ ಸರಿಯಾಗಿದ್ದ ಡೋಸ್ ಈ ವಾರ ಹೆಚ್ಚಾಗಿಬಿಡಬಹುದು. ಬೆಕ್ಕು ತೂರಾಡಿದರೆ, ನಿಶ್ಶಕ್ತವಾಗಿ ಬಿದ್ದುಕೊಂಡರೆ, ಅದರ ಮೈ ಸೆಟೆದು ನಡುಗಿದರೆ ಸಕ್ಕರೆ ತೀರಾ ಕುಸಿದಿರಬಹುದು. ವಸಡಿಗೆ ಸ್ವಲ್ಪ ಜೇನು ಸವರಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಊಟ ಬಿಟ್ಟ ಹೊತ್ತಿನಲ್ಲಿ ರೂಢಿಯಂತೆ ಪೂರ್ತಿ ಡೋಸ್ ಚುಚ್ಚಬೇಡಿ. ನೀವೇ ನಿರ್ಧರಿಸಿ ಇನ್ಸುಲಿನ್ ನಿಲ್ಲಿಸಲೂ ಬೇಡಿ. ಮೊದಲು ವೈದ್ಯರಿಗೆ ಫೋನ್ ಮಾಡಿ.

ಸಿರಿಂಜಿನ ವಿಷಯವನ್ನೂ ಹೇಳಲೇಬೇಕು. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್ ಬಾಟಲಿಯೂ ಸಿಗುತ್ತದೆ, 100 ಯೂನಿಟ್‌ನದ್ದೂ ಸಿಗುತ್ತದೆ. ಎರಡಕ್ಕೂ ಸಿರಿಂಜು ಬೇರೆ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎರಡರ ಗೆರೆಯವರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಐದು ಯೂನಿಟ್. ನಾಲ್ಕೈದು ಕಿಲೋ ತೂಕದ ಪ್ರಾಣಿಗೆ ಅದು ಪ್ರಾಣಾಪಾಯ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡನ್ನೂ ಪ್ರತಿ ಸಲ ಓದಿ.

ಗಾಯ ತೊಳೆಯಲು ಸಲೈನ್ ಸಾಕು. ಡೆಟಾಲ್ ಖಂಡಿತ ಬೇಡ. ಅದರಲ್ಲಿರುವ ಫೀನಾಲ್ ಬಗೆಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ಬಹಳ ದುರ್ಬಲ, ಹಚ್ಚಿದ್ದನ್ನೆಲ್ಲ ಅದು ನೆಕ್ಕಿಯೇ ನೆಕ್ಕುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಸಾಯಲೂಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಎಷ್ಟೋ ಚರ್ಮದ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಸಕ್ಕರೆ ಏರಿಸುತ್ತದೆ, ಮಾಯುವುದನ್ನೂ ತಡೆಯುತ್ತದೆ. ಗಾಯ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿಸಿದರೆ ಬೆಕ್ಕು ಒಂದೆರಡು ದಿನ ಮುನಿಸಿಕೊಳ್ಳಬಹುದು, ಆದರೂ ತೆಗೆಯಬೇಡಿ. ಅದರ ಮುಳ್ಳುನಾಲಿಗೆ ಹೊಸ ಅಂಗಾಂಶವನ್ನು ಕೆರೆದು ಹಾಕುತ್ತದೆ.

ಆಸ್ಪತ್ರೆಯ ಗಾಬರಿಗೇ ಬೆಕ್ಕಿನ ಸಕ್ಕರೆ 300 ದಾಟಬಹುದು. ಅದಕ್ಕೇ ವೈದ್ಯರು ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಅದು ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತೋರಿಸುತ್ತದೆ.

ಇನ್ನು ಊಟ. ಹಾಲು ಅನ್ನ ಕಲಸಿ ಹಾಕುವುದು ನಮ್ಮ ಮನೆಗಳ ಪ್ರೀತಿಯ ರೂಢಿ, ಆದರೆ ಬೆಕ್ಕು ಮಾಂಸಾಹಾರಕ್ಕೇ ಹುಟ್ಟಿದ ಪ್ರಾಣಿ. ಅಷ್ಟೊಂದು ಪಿಷ್ಟ ಅದಕ್ಕೆ ಬೇಡ. ಪ್ರೋಟೀನ್ ಹೆಚ್ಚು, ಪಿಷ್ಟ ಕಡಿಮೆ ಇರುವ ಆಹಾರಕ್ಕೆ ಹಂತಹಂತವಾಗಿ ಬದಲಾಯಿಸಿ. ಬದಲಾವಣೆ ವೈದ್ಯರಿಗೆ ಗೊತ್ತಿರಲಿ, ಏಕೆಂದರೆ ಇದರಿಂದಲೂ ಇನ್ಸುಲಿನ್ ಅಗತ್ಯ ಇಳಿಯುತ್ತದೆ. ಕಾಯಿಲೆ ಗೊತ್ತಾದ ಮೊದಲ ತಿಂಗಳುಗಳಲ್ಲೇ ಹೀಗೆ ಬಿಗಿಯಾಗಿ ನೋಡಿಕೊಂಡರೆ ಕೆಲವು ಬೆಕ್ಕುಗಳಿಗೆ ಚುಚ್ಚುಮದ್ದೇ ಬೇಡವಾಗುವುದುಂಟು. ಸಕ್ಕರೆಯಿಂದ ನರ ಸೋತು ಹಿಂಗಾಲಿನ ಹರಡನ್ನು ನೆಲಕ್ಕೂರಿ ನಡೆಯುವ ಬೆಕ್ಕುಗಳೂ ಎಷ್ಟೋ ಸಲ ಕೆಲವು ತಿಂಗಳಲ್ಲಿ ಮತ್ತೆ ಬೆರಳ ಮೇಲೆ ನಿಲ್ಲುತ್ತವೆ.